ಬೆನ್ನು ಮುಂದಾಗಿ

ನರ್ಸ್ ಒಂದು ಕಾಗದ ಮುಂದಿಟ್ಟಳು.
ಸೊನ್ನೆಯಿಂದ ಹತ್ತರವರೆಗೆ ಒಂದು ಗೀಟು:
ನೀವೆಷ್ಟು ಸುಖಿ? ಸುತ್ತು ಹಾಕಿ.
ಪೆನ್ನಿಗೆ ದಾರ ಕಟ್ಟಿತ್ತು,
ಯಾರೂ ಒಯ್ಯಬಾರದೆಂದು.

ನಾನು ರನ್ವಾ, ನಲವತ್ತೇಳು.
ಕ್ಲಾಕ್ಸ್‌ವೀಕಿನ ಮೀನು ಕಾರ್ಖಾನೆಯಲ್ಲಿ
ಕಾಡ್ ಮೀನಿನ ಮುಳ್ಳು ತೆಗೆಯುವ ಸಾಲು,
ಎಡಗಡೆಯಿಂದ ಮೂರನೆಯವಳು.
ಹೋದ ವರ್ಷ, ಹಗಲೇ ಇಲ್ಲದ ತಿಂಗಳಲ್ಲಿ
ನಿದ್ದೆಯೂ ಇಲ್ಲವಾಗಿ ಇಲ್ಲಿಗೆ ಬಂದಿದ್ದೆ.
ಆಗ ಎರಡಕ್ಕೆ ಸುತ್ತು ಹಾಕಿದ್ದೆ,
ಒಂದಕ್ಕೆ ಹಾಕಲು ನಾಚಿಕೆಯಾಗಿ.

ಆಮೇಲೆ ದೋಣಿಯಲ್ಲೊಂದು ಜಾಗ ಖಾಲಿಯಾಯಿತು.
ಬಸುರಿ ಬಿರಿತಾ ಇಳಿದಳು, ನನ್ನನ್ನು ಹತ್ತಿಸಿದರು.
ಪ್ರೀತಿಯಿಂದೇನಲ್ಲ,
ತೂಕ ಸರಿಹೋಗುತ್ತದೆಂದು.

ಮರದ ದೋಣಿ. ಆರು ಹೆಂಗಸರು, ಆರು ಹುಟ್ಟು.
ಮೊದಲ ಸಂಜೆ ಆಲಿಕಲ್ಲು.
ಅಂಗೈಯ ಬೊಬ್ಬೆ ಒಡೆದು ಉಪ್ಪುನೀರು ಸೋಕಿ
ಸತ್ತವರ ಹೆಸರೆಲ್ಲ ನೆನಪಾಯಿತು.
ಮಧ್ಯಾಹ್ನ ತಿಂದದ್ದು ಕಡಲ ಪಾಲಾಯಿತು.
ಸಮಾಧಾನ ಹೇಳಿದವರಿಲ್ಲ.
ಮುಂದೆ ಕೂತ ಸುನ್ನೆವಾ ತಿರುಗದೆಯೇ ಬೈದಳು:
ಅದು ನನ್ನ ಬೆನ್ನು, ಕಡಲು ಆ ಕಡೆ.

ಹುಟ್ಟು ಹಾಕುವವರಿಗೆ ಹೋಗುವ ದಾರಿ ಕಾಣುವುದಿಲ್ಲ.
ಹೋಗುವ ಕಡೆಗೆ ಬೆನ್ನು,
ಬಿಟ್ಟು ಬಂದ ಕಡೆಗೆ ಮುಖ.
ಅಲ್ಲಿ ಕಾರ್ಖಾನೆಯ ಹೊಗೆ,
ನನ್ನ ಮನೆಯ ಕೆಂಪು ತಗಡಿನ ಮಾಡು,
ಒಣಹಾಕಿ ಮರೆತ ಒಂಟಿ ಹೊದಿಕೆ,
ಎಳೆದಷ್ಟೂ ಚಿಕ್ಕದಾಗುತ್ತ
ಕೊನೆಗೆ ಉಗುರಿನ ಮೇಲೆ ಇಡಬಹುದಾದಷ್ಟು.

ಮುಂದೆ ನೋಡುವವಳು ತೂರಿ ಒಬ್ಬಳೇ,
ಅರವತ್ತೆಂಟರ ಮುದುಕಿ, ಚುಕ್ಕಾಣಿ ಅವಳದು.
ಅವಳ ಮುಖವೇ ನಮಗೆ ಹವಾಮಾನ:
ಕಣ್ಣು ಕಿರಿದಾದರೆ ದೊಡ್ಡ ಅಲೆ,
ತುಟಿ ಕಚ್ಚಿದರೆ ಬಂಡೆ.
ಒಮ್ಮೆ ಕುತ್ತಿಗೆ ತಿರುಗಿಸಿ ನೋಡಿದ್ದಕ್ಕೆ
ನೀರು ಎರಚಿದಳು. ಎಳಿ, ಅಂದಳು,
ನೋಡೋದು ನನ್ನ ಕೆಲಸ.

ಬೇರ್ಗ್‌ತೋರಾಗೂ ಸುನ್ನೆವಾಗೂ
ದಡದಲ್ಲಿ ಹನ್ನೊಂದು ವರ್ಷದಿಂದ ಮಾತಿಲ್ಲ,
ಕುರಿ ಬೇಲಿಯ ಜಗಳ.
ದೋಣಿಯಲ್ಲಿ ಒಬ್ಬಳ ಉಸಿರು
ಇನ್ನೊಬ್ಬಳ ಕತ್ತಿನ ಮೇಲೆ.

ಎಷ್ಟನೆಯ ಗುರುವಾರವೋ,
ಆರು ಹುಟ್ಟು ಒಟ್ಟಿಗೆ ಮುಳುಗಿ ಒಟ್ಟಿಗೆ ಎದ್ದವು.
ಸದ್ದು ಒಂದೇ ಆಯಿತು.
ದೋಣಿ ನೀರಿಗಿಂತ ನೂಲಿನಷ್ಟು ಮೇಲೆ,
ನನ್ನ ತೋಳು ಯಾರದೋ, ಯಾರ ನೋವು ನನ್ನದೋ.
ಹುಟ್ಟು ಒಂದೇ ಸಲ ಅಂದುಕೊಂಡಿದ್ದೆ ಇಷ್ಟು ದಿನ,
ಇಲ್ಲಿ ನಿಮಿಷಕ್ಕೆ ಮೂವತ್ತೆರಡು.
ಹದಿಮೂರೋ ಹದಿನಾಲ್ಕೋ ಎಳೆತ ಹಾಗೆ.
ಯಾರೋ ಕೆಮ್ಮಿದರು. ಮುರಿಯಿತು.

ಅದರ ಮಾತನ್ನು ಯಾರೂ ಎತ್ತಲಿಲ್ಲ.
ಕಟ್ಟೆಯ ಮೇಲೆ ಕೂತು
ಗಾಳಿಗೆ ಒಣಗಿಸಿದ ಕುರಿಮಾಂಸ, ಕಪ್ಪು ಬ್ರೆಡ್ಡು,
ಮೊದಲು ಏಳುವುದು ಯಾರಿಗೂ ಬೇಕಿರಲಿಲ್ಲ.
ಅಂದು ರಾತ್ರಿ ಕಲ್ಲು ನೀರಿಗೆ ಬಿದ್ದ ಹಾಗೆ
ನಿದ್ದೆಗೆ ಬಿದ್ದೆ.

ಗೆದ್ದೆವಾ ಅಂತ ಕೇಳಬೇಡಿ.
ಜೂನ್ ಪಂದ್ಯದಲ್ಲಿ ಏಳು ದೋಣಿಗೆ ಆರನೆಯವರು.
ಏಳನೆಯದರ ಹುಟ್ಟು ಮುರಿದಿತ್ತು.

ಈಗ ಮತ್ತೆ ಈ ಗೀಟು.
ಯಾವ ದಿನದ್ದು ಹಾಕಲಿ? ಅಂದೆ.
ಮಂಗಳವಾರ, ಗುರುವಾರ ಎಂಟು.
ಬುಧವಾರ ಭುಜ ಎತ್ತಲಾಗದು, ನಾಲ್ಕು,
ಆ ನಾಲ್ಕರಲ್ಲೂ ಒಂದು ಅಂಕ ನೋವಿನದೇ.
ಭಾನುವಾರ ಮನೆ ಮಾತಾಡುವುದಿಲ್ಲ, ಇನ್ನೂ ಮೂರೇ.
ಒಂದೇ ಹಾಕಬೇಕು, ಅಂದಳು ನರ್ಸ್,
ಪಾಪ, ಅವಳೇನು ಮಾಡಿಯಾಳು.

ಕಾಯಿಗಟ್ಟಿದ ಬೆರಳಲ್ಲಿ ಪೆನ್ನು ಜಾರಿ
ಸುತ್ತು ಆರನ್ನೂ ಏಳನ್ನೂ ಸೇರಿಸಿಕೊಂಡಿತು.
ಸರಿಮಾಡಲು ಹೊತ್ತಿಲ್ಲ. ಗಂಟೆ ಐದೂಕಾಲು,
ಹೊರಗೆ ತೆಂಕಣ ಗಾಳಿ,
ಆರಕ್ಕೆ ದೋಣಿ ಇಳಿಸಬೇಕು.
ದಾರ ಎಳೆದುಕೊಂಡು ಪೆನ್ನು
ತನ್ನ ಜಾಗಕ್ಕೆ ಹೋಯಿತು.